ಪಿಟೀಲಿನೊಳಗಿನ ಗಿಲಕಿ

ಓತಿಕೇತ ಬಂಡೆಯಿಂದ ಜಾರಿ ಪಾಪಾಸುಕಳ್ಳಿಯ ಬುಡ ಸೇರಿತು, ಬಾಲ ಮಾತ್ರ ಕಂಡಿತು, ಅಷ್ಟರಲ್ಲಿ ಅದೂ ಇಲ್ಲ, ಈ ಬೇಸಿಗೆ ಎಲ್ಲ ಹೀಗೆಯೇ, ಸದ್ದಿಲ್ಲದೆ ಬರುತ್ತವೆ, ಸದ್ದಿಲ್ಲದೆ ಹೋಗುತ್ತವೆ, ಬೆಳಿಗ್ಗೆ ಲಾವಕ್ಕಿ ಮರಿಗಳನ್ನು ಕಟ್ಟಿಕೊಂಡು ಕಾಲಡಿಯಲ್ಲೇ ಓಡಿತು, ಒಂದು ಚೀಂ ಕೂಡ ಇಲ್ಲ — ಜೀರುಂಡೆಗಳೂ ಕೂಗುತ್ತಿಲ್ಲ, ಮಳೆ ಕೈಕೊಟ್ಟರೆ ಅರಿಜೋನಾದಲ್ಲಿ ಅವೂ ಮುನಿಸಿಕೊಳ್ತವೆ ಕಣೇ ನೋರೀನ್, ಅನ್ನುತ್ತಿದ್ದ ನನ್ನ ಗಂಡ ಹಾರ್ಲನ್, ಇದ್ದಿದ್ದರೆ, ಅವನಿದ್ದಿದ್ದರೆ ಅವನ ಪಿಟೀಲನ್ನು ಬೆನ್ನಿಗೆ ಕಟ್ಟಿಕೊಂಡು ಈ ಬಿಸಿಲಲ್ಲಿ ಅವನ ತಮ್ಮನ ಮನೆಗೆ ಜಗಳಕ್ಕೆ ಹೋಗುವ ಕರ್ಮ ನನಗೇಕೆ ಬರುತ್ತಿತ್ತು. ಹೋಗಲೇಬೇಕು, ಡೆಲ್ಬರ್ಟ್ ಆ ಗಿಲಕಿಯನ್ನು ಕೊಡಲೇಬೇಕು. ಪಿಟೀಲು ಸೀಳು ಬಿಟ್ಟಿದೆ ಅತ್ತಿಗೆ, ಅಂಟು ಹಾಕಿ ಕೊಡ್ತೀನಿ ಎಂದು ಅಣ್ಣನನ್ನು ಮಣ್ಣು ಮಾಡಿದ ವಾರವೇ ಒಯ್ದ, ಚಳಿಗಾಲವೆಲ್ಲ ಇಟ್ಟುಕೊಂಡ, ತಂದುಕೊಟ್ಟ ದಿನ ಎತ್ತಿ ಅಲ್ಲಾಡಿಸಿದೆ, ಒಳಗೆ ಏನೂ ಇಲ್ಲ. ಗಿಲಕಿ ಇಲ್ಲ.

ಮದುವೆಯಾದ ವರ್ಷದ ಗಿಲಕಿ ಅದು, ಒರತೆಯಲ್ಲಿ ನೀರು ತುಂಬಲು ಹಾರ್ಲನ್ ಬಗ್ಗಿದ್ದ, ಗಣಿಯ ಸಿಡಿಮದ್ದಿಗೆ ಆಗಲೇ ಅರ್ಧ ಕಿವುಡ, ಕೈಯ ಪಕ್ಕದಲ್ಲೇ ಗಿಲಕಿ ಹಾವು ಬಾಲದ ತುದಿಯ ಗಿಲಕಿಯನ್ನು ಗಲಗಲ ಅಲ್ಲಾಡಿಸುತ್ತಿದೆ, ಅವನಿಗೆ ತಿಳಿಯದು, ನನಗೆ ಕೇಳಿಸಿತು, ಅಂಗಿ ಹಿಡಿದು ಎಳೆದ ರಭಸಕ್ಕೆ ಇಬ್ಬರೂ ಮುಳ್ಳಿನ ಮೇಲೆ ಬಿದ್ದೆವು — ಇನ್ಮೇಲೆ ನಿನ್ ಕಿವೀನೇ ನನ್ ಕಿವಿ ಎಂದ, ಸಲಿಕೆಯಿಂದ ಹಾವು ಹೊಡೆದು ಬಾಲದ ಗಿಲಕಿ ಕತ್ತರಿಸಿ ಪಿಟೀಲಿನ ಹೊಟ್ಟೆಗೆ ಹಾಕಿದ, ಇಲ್ಲಿನ ಪಿಟೀಲಿನವರೆಲ್ಲ ಹಾಕುತ್ತಾರೆ, ಇಲಿ ಬರಲ್ಲ, ತೇವ ಹಿಡಿಯಲ್ಲ ಅಂದ. ಈ ಮರಳುಗಾಡಲ್ಲಿ ಎಲ್ಲಯ್ಯಾ ತೇವ ಅಂದೆ. ನಿನ್ ತಲೇಲಿ ತೇವ! ನಕ್ಕಿದ್ದೇ ನಕ್ಕಿದ್ದು. ಆಮೇಲೆ ಎಲ್ಲಿಗೆ ಹೋದರೂ ನಾನು ಮುಂದೆ, ಅವನು ನನ್ನ ಭುಜದ ಮೇಲೆ ಕೈಯಿಟ್ಟು ಹಿಂದೆ, ನಾನು ನಿಂತರೆ ಸಾಕು, ಯಾವ ಕಡೆ, ನೋರೀನ್? ಎಡಕ್ಕೆ ಕಣೋ, ಕಲ್ಲಿನ ಹಿಂದೆ. ನುಡಿಸುವ ಮೊದಲು ಪಿಟೀಲನ್ನು ಒಮ್ಮೆ ಅಲ್ಲಾಡಿಸುತ್ತಿದ್ದ, ಹಾವು ಗಂಟಲು ಸರಿ ಮಾಡ್ಕೊಳ್ತಾ ಇದೆ, ಸ್ವಲ್ಪ ತಾಳಿ ಎಂದು ಜನರನ್ನು ನಗಿಸುತ್ತಿದ್ದ, ಅವನು ಹೋದ ಮೇಲೆ ನನಗೆ ಉಳಿದದ್ದು ಆ ಒಂದು ಸದ್ದು, ಅದನ್ನೂ ಕದ್ದನಲ್ಲ ಡೆಲ್ಬರ್ಟ್. ಅಯ್ಯೋ ಅತ್ತಿಗೆ, ನಾನ್ಯಾಕೆ ತೆಗೀಲಿ, ಒಳಗೇ ಇದೆ, ಕೇಳಿ ಎಂದು ನನ್ನ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ, ಏನೂ ಇಲ್ಲ, ಕೇಳ್ತಿದೆಯಲ್ಲಾ ಅನ್ನುತ್ತಾನೆ, ಮುದುಕಿಯನ್ನು ಆಡಿಕೊಳ್ಳುವ ಧೈರ್ಯ ನೋಡು, ಕಳ್ಳ ನೀನು, ಸತ್ತ ಅಣ್ಣನ ಹೊಟ್ಟೆಗೇ ಕೈ ಹಾಕಿದೆ ಎಂದುಬಿಟ್ಟೆ, ಟೋಪಿ ಹಾಕಿಕೊಳ್ಳದೆಯೇ ಹೊರಟುಹೋದ. ಇವತ್ತೂ ಕದ್ದಿಲ್ಲವೆನ್ನಲಿ, ಅವನ ಹೆಂಡತಿಯ ಮುಂದೆಯೇ —

ನಿಂತೆ, ಕಾಲು ತಾನಾಗಿ ನಿಂತಿತು, ಒಣಹಳ್ಳದ ಅಂಚಿನ ಚಪ್ಪಟೆ ಕಲ್ಲಿನ ಮೇಲೆ ಗಿಲಕಿ ಹಾವಿನ ಸುರುಳಿ, ಮಣ್ಣಿನ ಬಣ್ಣ, ತಲೆ ಎತ್ತಿದೆ, ಒಂದು ಹೆಜ್ಜೆ ಇಟ್ಟಿದ್ದರೆ ತುಳಿಯುತ್ತಿದ್ದೆ, ಇಷ್ಟು ಹತ್ತಿರ ಬರುವ ತನಕ ಸುಮ್ಮನಿತ್ತಲ್ಲ ಹಾಳಾದ್ದು, ಸುಮ್ಮನೆ, ಇಲ್ಲ, ಬಾಲ ನೆಟ್ಟಗೆ ನಿಂತಿದೆ, ಅಲ್ಲಾಡುತ್ತಿದೆ, ತುದಿ ಕಣ್ಣಿಗೇ ನಿಲ್ಲದಷ್ಟು ಜೋರಾಗಿ, ಸದ್ದಿಲ್ಲ. ಸದ್ದಿಲ್ಲ. ನಿಧಾನ ಹಿಂದಕ್ಕೆ, ಒಂದು ಹೆಜ್ಜೆ, ಇನ್ನೊಂದು, ಬಾಲ ಅಲ್ಲಾಡುತ್ತಲೇ ಇದೆ — ಜೀರುಂಡೆಗಳು ಕೂಗುತ್ತಿವೆ ಹಾಗಾದರೆ, ಲಾವಕ್ಕಿ ಮರಿಗಳೂ ಚೀಂಗುಟ್ಟಿದ್ದವು, ಮಳೆಯ ತಪ್ಪಲ್ಲ, ಡೆಲ್ಬರ್ಟ್‌ನ ತಪ್ಪಲ್ಲ, ಒಳಗೇ ಇದೆ, ದಾರಿಯುದ್ದಕ್ಕೂ ನನ್ನ ಬೆನ್ನ ಮೇಲೆ ಗಲಗಲ ಅನ್ನುತ್ತಲೇ ಬಂದಿರಬೇಕು, ಹಾರ್ಲನ್, ನಿನ್ನ ಗಿಲಕಿ ಎಲ್ಲಿಗೂ ಹೋಗಿಲ್ಲ ಕಣೋ, ನಿನ್ನ ಕಿವಿ, ಈ ನನ್ನ ಕಿವಿಯೇ ಹೋಗಿದೆ, ಮಾತು ಕೇಳುತ್ತದೆ, ಸಣ್ಣ ಸದ್ದು ಕೇಳುವುದಿಲ್ಲ, ಪಾಪ ಡೆಲ್ಬರ್ಟ್, ಹೋಗಿ ಅವನ ಕೈ ಹಿಡಿದುಕೊಳ್ಳಬೇಕು, ಅಲ್ಲಿ ಅವನ ತಗಡಿನ ಮಾಡು ಹೊಳೆಯುತ್ತಿದೆ, ನಡುವೆ ಇದು, ಪಿಟೀಲನ್ನು ಬೆನ್ನಿನಿಂದ ಇಳಿಸಿ ಕಿವಿಗೆ ಒತ್ತಿ ಅಲ್ಲಾಡಿಸುತ್ತೇನೆ, ಇನ್ನೂ ಜೋರಾಗಿ, ಅಲ್ಲಿ ಹಾವೂ ಅಲ್ಲಾಡಿಸುತ್ತಿದೆ, ಯಾವ ಕಡೆ, ನೋರೀನ್, ಯಾವ ಕಡೆ, ಗೊತ್ತಿಲ್ಲ ಕಣೋ, ಬಾಲ, ಬಾಲ ಅಲ್ಲಾಡುತ್ತಿದೆ, ಸದ್ದಿಲ್ಲ.