ಕಾಯಿಸಬಾರದ ತಂತಿ

ಇಂದುಧರನ ಹೊಟ್ಟೆಕಿಚ್ಚಿಗೆ ಕಾರಣ ಒಂದು ಗೇಣುದ್ದದ ತಂತಿ. ಅರಸೀಕೆರೆಯ ಕಾಲೇಜಿನಲ್ಲಿ ವರ್ಷಗಟ್ಟಲೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದ ಅವನು, ತನ್ನ ಆಕಾರವನ್ನು ನೆನಪಿಟ್ಟುಕೊಳ್ಳುವ ನಿಕ್ಕಲ್-ಟೈಟಾನಿಯಂ ಲೋಹದ ಬಗ್ಗೆ ಕೈಗೆ ಸಿಕ್ಕಿದ್ದನ್ನೆಲ್ಲ ಓದಿಕೊಂಡಿದ್ದ. ಸ್ಟಾಫ್ ರೂಮಿನಲ್ಲಿ ಅದರ ಮಾತೆತ್ತಿದರೆ ಸಾಕು, ಎಲ್ಲರಿಗೂ ತಮ್ಮ ತಮ್ಮ ಕ್ಲಾಸು ನೆನಪಾಗುತ್ತಿತ್ತು. ಈಗ, 2004ರಲ್ಲಿ, ಅವನಿಗಿಂತ ಕಿರಿಯ ಸಹೋದ್ಯೋಗಿ ಮೇಧಿನಿ ಅದೇ ಲೋಹದ ಮೇಲೆ ಪಿಎಚ್.ಡಿ. ಮುಗಿಸಿ ಬಂದಿದ್ದೇ ತಡ, ಪ್ರಿನ್ಸಿಪಾಲ್ ಜಯದೇವಪ್ಪನವರು ಎದುರಿನ ಕುರ್ಚಿಯಲ್ಲಿ ಕೂರಿಸಿ ಕಾಫಿ ತರಿಸಿದರು. ಇಂದುಧರನಿಗೆ ಆ ಕಾಫಿ ಒಂದು ದಿನವೂ ಬಂದಿರಲಿಲ್ಲ.

ಮೇಧಿನಿ ತನ್ನ ಸಂಶೋಧನೆಯಿಂದ ತಂದಿದ್ದ ಆ ತಂತಿಯ ಹೆಚ್ಚುಗಾರಿಕೆ ಇದ್ದದ್ದು ಅದರೊಳಗಿನ ಹರಳುಗಳಲ್ಲಿ. ಕಣ್ಣಿನ ಮಾತಿರಲಿ, ಕಾಲೇಜಿನ ಮೈಕ್ರೋಸ್ಕೋಪಿಗೂ ಸಿಗದಷ್ಟು ಸಣ್ಣ ಹರಳು. ಅದರಿಂದಲೇ ತಂತಿ, ಭಾರ ತೂಗುಹಾಕಿದರೆ ಹಿಗ್ಗಿ, ತೆಗೆದರೆ ಮೊದಲಿನ ಉದ್ದಕ್ಕೇ ಬರುತ್ತಿತ್ತು. ಕೆಂಪಗೆ ಕಾಯಿಸಿದರೆ ಮಾತ್ರ ಹರಳು ದಪ್ಪವಾಗಿ ಆ ಕಸುವು ಹೋಗಿಬಿಡುತ್ತದೆ.

ಬೇಲೂರಿನಲ್ಲಿ ವಿಜ್ಞಾನದ ಮೇಷ್ಟ್ರುಗಳ ಸಭೆಯಿತ್ತು; ಅಲ್ಲಿ ಮೇಧಿನಿ ಆ ತಂತಿಯನ್ನು ತೋರಿಸುವವಳಿದ್ದಳು. ಅದರ ಹಿಂದಿನ ದಿನ, ಊಟದ ಬಿಡುವಿನಲ್ಲಿ ಲ್ಯಾಬು ಖಾಲಿಯಿದ್ದಾಗ, ಇಂದುಧರ ತಂತಿಯನ್ನು ಬರ್ನರಿಗೆ ಹಿಡಿದ. ಕೆಂಪಾಗುವವರೆಗೂ ಹಿಡಿದ. ಆರಿದ ಮೇಲೆ ಕಪ್ಪನ್ನು ಉಪ್ಪುಕಾಗದದಿಂದ ಉಜ್ಜಿ ತೆಗೆದು, ಇದ್ದಲ್ಲೇ ಇಟ್ಟ.

ಸಭೆಯಲ್ಲಿ ಮೇಧಿನಿ ಭಾರ ತೂಗುಹಾಕಿ ತೆಗೆದಳು. ತಂತಿ ಹಿಗ್ಗಿದ ಹಾಗೇ ಉಳಿಯಿತು. ಈ ಲೋಹವನ್ನು ಮೊದಲಿನ ಆಕಾರಕ್ಕೆ ತರಬೇಕಾದ ಬಿಸಿನೀರು ಹೊಯ್ದರೂ ಪೂರ್ತಿ ಕುಗ್ಗಲಿಲ್ಲ.

"ನೆನಪಿನ ಲೋಹಕ್ಕೇ ಮರೆವು ಬಂತಲ್ಲಮ್ಮ," ಎಂದರು ಮುಂದೆ ಕೂತಿದ್ದ ಹೆಡ್‌ಮಾಸ್ಟರ್ ನಂಜುಂಡಯ್ಯ. ಎಲ್ಲರೂ ನಕ್ಕರು. ಮೇಧಿನಿಯ ಮುಖ ಸಪ್ಪಗಾಯಿತು. ಹಿಂದಿನ ಬೆಂಚಿನಲ್ಲಿ ಇಂದುಧರನ ಹೊಟ್ಟೆ ತಣ್ಣಗಾಯಿತು.

ವಾಪಸು ಬರುವಾಗ ಬಸ್ಸಿನಲ್ಲಿ ಅವಳು ಅವನ ಮುಂದಿನ ಸೀಟಿನಲ್ಲಿ ಕೂತಿದ್ದಳು. ಹಳೇಬೀಡು ದಾಟಿದ ಮೇಲೆ ತಿರುಗಿ ಹೇಳಿದಳು:

"ತಂತೀನ ಯಾರೋ ಕಾಯಿಸಿದ್ದಾರೆ ಸಾರ್."

"ಹುಡುಗರು ಇರಬೇಕು ಬಿಡಮ್ಮ. ಹುಡುಗಾಟ."

"ಹುಡುಗರಾಗಿದ್ರೆ ತಿರುಚೋರು, ಇಲ್ಲ ಜೇಬಿಗೆ ಹಾಕ್ಕೊಂಡು ಹೋಗೋರು. ಕಾಯಿಸಿದ್ರೆ ಹರಳು ಬೆಳೆದು ಕೆಡುತ್ತೆ ಅಂತ ಅವರಿಗೇನು ಗೊತ್ತು? ಪ್ರಿನ್ಸಿಪಾಲ್‌ಗೂ ಗೊತ್ತಿಲ್ಲ." ಅವಳ ದನಿ ಏರಲಿಲ್ಲ. "ನಮ್ಮ ಕಾಲೇಜಲ್ಲಿ ಈ ಲೋಹಾನ ಇಷ್ಟು ಚೆನ್ನಾಗಿ ಬಲ್ಲೋರು, ನನ್ನ ಬಿಟ್ರೆ, ನೀವೊಬ್ರೇ ಸಾರ್."

ಇಷ್ಟು ವರ್ಷ ಯಾರಾದರೂ ಈ ಮಾತು ಹೇಳಲಿ ಎಂದು ಕಾದಿದ್ದ ಇಂದುಧರ, ಕಿಟಕಿಯ ಕಡೆ ತಿರುಗಿಕೊಂಡ.