ಮುದುಕನ ಕೊರಳು

ಮದುಮಗಳೆಂದು ತಲೆಗೆ ಕಟ್ಟಿದ ಬಿಳಿ ವಸ್ತ್ರಕ್ಕೆ ಇನ್ನೂ ಅಂಗಡಿಯ ವಾಸನೆ ಇದ್ದಾಗಲೇ, ಹೊಸ ಹೆಂಡತಿ ಬುರುಲ್‌ಗೆ ಎಸೆನ್ ಒಂದು ಮಾತು ಕೊಟ್ಟಿದ್ದ.

"ನಿನ್ನನ್ನ ಒಂದು ಸಲ ನೀರಿನ ಮೇಲೆ ತವರಿಗೆ ಕರ್ಕೊಂಡು ಹೋಗ್ತೀನಿ. ನಿಮ್ಮಮ್ಮ ದಡದಲ್ಲಿ ನಿಂತಿರಬೇಕು, ನೀನು ತೆಪ್ಪದಿಂದ ಇಳೀಬೇಕು."

ಕೊಕ್‌ಸೂ ನದಿ ಅವರ ಕಾರಾ-ಬುಲಾಕ್ ಹಳ್ಳಿಯನ್ನು ದಾಟಿದ್ದೇ ಕಣಿವೆಯೊಳಗೆ ನುಗ್ಗುತ್ತದೆ. ಅಲ್ಲಿ ಬಂಡೆಗಳಿಗೆ ಬಡಿದುಕೊಂಡು, ನೊರೆ ಕಾರಿಕೊಂಡು, ಕೊನೆಗೆ ಉಸ್ಸಪ್ಪಾ ಎಂದು ಹರಡಿಕೊಳ್ಳುವುದು ಬುರುಲ್‌ಳ ತವರು ಚೋಂಗ್-ಕೆಚೂ ಊರಿನಲ್ಲಿ. ರಸ್ತೆಯಲ್ಲಿ ಹೋದರೆ ಕಣಿವೆಯ ತಲೆಯ ಮೇಲಿಂದ ಸುತ್ತಿಕೊಂಡು ಇಡೀ ದಿನ. ನೀರಿನ ಮೇಲೆ ಹೊರಟವರು ಮಧ್ಯಾಹ್ನದ ಚಹಾಕ್ಕೆ ಅಲ್ಲಿರುತ್ತಾರೆ. ಮಾತಿನ ವಿಷಯವನ್ನು ಬುರುಲ್ ತಾಯಿಗೆ ಆಗಲೇ ಹೇಳಿಬಿಟ್ಟಿದ್ದಳು. ಅಂದಿನಿಂದ ಆ ತಾಯಿ ತೆಪ್ಪ ಬರುತ್ತದೆಂದು ಗೊತ್ತಾದ ದಿನವೆಲ್ಲ ದಡಕ್ಕೆ ಬಂದು ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನಿಲ್ಲುತ್ತಿದ್ದಳು. ಅಳಿಯ ಕೊಡುವ ಬೆಣ್ಣೆಯ ಪೊಟ್ಟಣ ತೆಗೆದುಕೊಂಡು, "ಇವತ್ತೂ ಬರಲಿಲ್ವಾ?" ಎಂದು ಕೇಳಿ ಹಿಂದಿರುಗುತ್ತಿದ್ದಳು.

ಎಸೆನ್‌ಗೆ ಮನಸ್ಸಿರಲಿಲ್ಲ ಅಂತಲ್ಲ. ಪ್ರತಿ ವರ್ಷ ನೀರು ಇಳಿಯುವ ಕಾಲಕ್ಕೆ ಅವನೇ ನೆನಪು ಮಾಡುತ್ತಿದ್ದ. ಮೊದಲು ಬಸಿರು, ಆಮೇಲೆ ಬಾಣಂತನ, ಆಮೇಲೆ ರಾಜಧಾನಿ ಬಿಶ್ಕೆಕ್‌ನಿಂದ ಅವನ ತೆಪ್ಪದಲ್ಲಿ ಕೂರಲು ದುಡ್ಡು ಕೊಟ್ಟು ಬಂದ ಪ್ರವಾಸಿಗಳು. ಎಲ್ಲಕ್ಕಿಂತ ದೊಡ್ಡ ತೊಡಕು ರೊಟ್ಟಿ ಮತ್ತು ಕಲ್ಲು.

ನೀರಿಗಿಳಿಯುವವರು ಮನೆ ಬಿಡುವ ಮುಂಚೆ ಒಂದೊಂದು ರೊಟ್ಟಿಯ ಅಂಚು ಕಚ್ಚಿ ಉಳಿದದ್ದನ್ನು ಮನೆಯಲ್ಲಿ ಇರುವವಳ ಕೈಗೆ ಕೊಟ್ಟು ಹೋಗುತ್ತಾರೆ. ಮರಳಿ ಬಂದು ಅದನ್ನು ತಾವೇ ತಿಂದು ಮುಗಿಸಬೇಕು. ಇನ್ನೊಂದು, ಹಿತ್ತಿಲ ಹಿಂದೆ ನದಿಯ ನಡುವೆ ಒಂದು ಬಂಡೆ ಇದೆ. ಗೂನು ಬೆನ್ನು, ಮುಂದಕ್ಕೆ ಬಾಗಿದ ತಲೆ, ಕೊರಳ ಸುತ್ತ ಬಿಳಿ ಪಟ್ಟೆ. ಊರವರು ಅದನ್ನು ಮುದುಕ ಎನ್ನುತ್ತಾರೆ. ಬೆಳಗಿನ ಹೊತ್ತು ಆ ಬಿಳಿ ಪಟ್ಟೆ ನೀರಿನ ಮೇಲೆ ಕಾಣುತ್ತಿದ್ದರೆ ಹೋಗಬಹುದು. ಕೊರಳು ನೆನೆದಿದ್ದರೆ ಕಣಿವೆಯೊಳಗಿನ ಇಕ್ಕಟ್ಟಿನಲ್ಲಿ ನೀರು ಗೋಡೆಗೆ ಗುದ್ದಿ ಹಿಂದಕ್ಕೆ ಮಗುಚುತ್ತಿರುತ್ತದೆ ಎಂದು ಅರ್ಥ. ಕಲ್ಲನ್ನು ಹೋಗುವವರು ನೋಡಬಾರದು, ರೊಟ್ಟಿ ಇಟ್ಟುಕೊಳ್ಳುವವಳೇ ನೋಡಬೇಕು. ಹೋಗುವವನ ಕಣ್ಣಿಗೆ ತನಗೆ ಬೇಕಾದದ್ದೇ ಕಾಣುತ್ತದೆ. ಎಸೆನ್‌ನ ಚಿಕ್ಕಪ್ಪ ಒಂದು ವರ್ಷ ತಾನೇ ನೋಡಿಕೊಂಡು ಹೊರಟ. ಅವನು ಕಚ್ಚಿಟ್ಟ ರೊಟ್ಟಿ ಇಂದಿಗೂ ಅವನ ಮಗ ಜಪಾರ್‌ನ ಮನೆಯ ಗೋಡೆಯಲ್ಲಿ ಬಟ್ಟೆಗಂಟಾಗಿ ತೂಗುತ್ತಿದೆ.

ಎಸೆನ್‌ನ ಮನೆಯಲ್ಲಿ ರೊಟ್ಟಿ ಹಿಡಿದವಳು, ಕಲ್ಲು ನೋಡಿದವಳು ಬುರುಲ್. ಅವಳು ಒಣಗಿದೆ ಎಂದರೆ ತೆಪ್ಪ ನೀರಿಗೆ. ನೆನೆದಿದೆ ಎಂದರೆ ದೂರದಿಂದ ಬಂದ ಪ್ರವಾಸಿಗಳು ಎಷ್ಟೇ ಗೊಣಗಲಿ, ತೆಪ್ಪ ದಡದಲ್ಲೇ. ಅವಳ ಮಾತನ್ನು ಯಾರೂ ಎರಡನೆಯ ಸಲ ಕೇಳುತ್ತಿರಲಿಲ್ಲ.

ಈ ವರ್ಷ ಎಸೆನ್‌ನ ಬಲ ಭುಜ ಕೈಕೊಟ್ಟಿತು. ತೆಪ್ಪವನ್ನು ನಾರಿನ್ ಪಟ್ಟಣದ ಒಬ್ಬನಿಗೆ ಮಾರಿಬಿಟ್ಟ. ಅದನ್ನು ಶನಿವಾರ ಚೋಂಗ್-ಕೆಚೂದಲ್ಲಿ ಒಪ್ಪಿಸುವುದಾಗಿ ಮಾತಾಗಿತ್ತು. ಹೇಗೂ ಒಪ್ಪಿಸಬೇಕು, ನೀರಿನ ಮೇಲೇ ಒಯ್ದು ಒಪ್ಪಿಸೋಣ, ಅದೇ ಕೊನೆಯ ಸಲ ಎಂದು ಎಸೆನ್ ಗುರುವಾರ ಸಂಜೆ ಎಲ್ಲರನ್ನೂ ಅಂಗಳಕ್ಕೆ ಕರೆದ. ತೆಪ್ಪದ ಎರಡು ಉದ್ದನೆಯ ಗಾಳಿಚೀಲಗಳು ಅಂಗಳದ ತುಂಬ ಬಿದ್ದುಕೊಂಡಿದ್ದವು. ಅವಕ್ಕೆ ಬಿಗಿಯುವ ಕೊಳವೆಗಳ ಚೌಕಟ್ಟನ್ನು ಜಪಾರ್ ತಿಕ್ಕುತ್ತಿದ್ದ. ಟ್ರಕ್ ಓಡಿಸುವ ಹಿರಿಯ ಮಾಂಬೆತ್ ಹಗ್ಗದ ಗಂಟುಗಳನ್ನು ಒಂದೊಂದಾಗಿ ಎಳೆದು ನೋಡುತ್ತಿದ್ದ.

"ಮೂರು ಜನ ಆದ್ವಿ," ಎಂದ ಜಪಾರ್. "ನಾಲ್ಕನೇ ಜಾಗಕ್ಕೆ ಆ ಬಿಶ್ಕೆಕ್ ಡಾಕ್ಟ್ರು ಮತ್ತೆ ಫೋನ್ ಮಾಡಿದ್ರು."

ಚಹಾ ಬಗ್ಗಿಸುತ್ತಿದ್ದ ಬುರುಲ್ ಕೆಟಲ್ ಕೆಳಗಿಟ್ಟಳು. "ನಾಲ್ಕನೇ ಜಾಗ ನಂದು."

ಜಪಾರ್ ತಲೆ ಎತ್ತಿದ. ಜೆಂಗೆ ಎಂದು ಕರೆಯುವ ಅಣ್ಣನ ಹೆಂಡತಿಯನ್ನು ರೇಗಿಸುವುದು ಅವನ ಹಕ್ಕು. "ಜೆಂಗೆ, ನೀವು ಕೂತ್ರೆ ಆ ಕಡೆ ಚೀಲಕ್ಕೆ ಇನ್ನೊಂದು ಸಲ ಗಾಳಿ ಹೊಡೀಬೇಕಾಗತ್ತೆ."

"ನಿನ್ನ ಬಾಯಿ ಇಟ್ರೆ ಸಾಕು. ಪಂಪ್ ಯಾಕೆ?"

ಎಸೆನ್ ನಗಲಿಲ್ಲ. ಹೆಂಡತಿಯ ಮುಖವನ್ನೇ ನೋಡುತ್ತಿದ್ದ. "ಡಾಕ್ಟ್ರಿಗೆ ಜಾಗ ಇಲ್ಲ ಅಂತ ಹೇಳು," ಎಂದ. "ನಾನು ಇವಳಿಗೆ ಮಾತು ಕೊಟ್ಟಿದೀನಿ."

"ಮಾತು ಕೊಟ್ಟು ಎಷ್ಟು ಕಾಲ ಆಯ್ತು? ಅವತ್ತು ನನಗೆ ಮೀಸೆ ಬಂದಿರಲಿಲ್ಲ," ಎಂದ ಜಪಾರ್.

"ಈಗ್ಲೂ ಸರಿಯಾಗಿ ಬಂದಿಲ್ಲ, ಬಿಡು," ಎಂದಳು ಬುರುಲ್.

ಮಾಂಬೆತ್ ಹಗ್ಗ ಬಿಟ್ಟು ಗದ್ದ ಕೆರೆದುಕೊಂಡ. "ಅದೆಲ್ಲ ಸರಿಯಪ್ಪ. ರೊಟ್ಟಿ ಯಾರು ಇಟ್ಕೋತಾರೆ?"

ಬಾಗಿಲ ಬಳಿ ಚಾಪೆಯ ಮೇಲೆ ಕೂತಿದ್ದ ಎಸೆನ್‌ನ ತಾಯಿ ಕಾಲಿಪಾ, ಇಷ್ಟು ಹೊತ್ತೂ ನಿದ್ದೆ ಹೋದವಳಂತೆ ಇದ್ದವಳು, ಬಾಯಿ ತೆರೆದಳು. "ನಾನಿನ್ನೂ ಸತ್ತಿಲ್ಲ. ನನಗೆ ಹಲ್ಲೂ ಇಲ್ಲ. ನಿಮ್ಮ ರೊಟ್ಟಿ ನನ್ನ ಹತ್ರ ಇದ್ದಷ್ಟು ಭದ್ರವಾಗಿ ಬ್ಯಾಂಕಲ್ಲೂ ಇರಲ್ಲ."

"ರೊಟ್ಟಿ ಆಯ್ತು ಅಪಾ. ಕಲ್ಲು?" ಎಂದ ಮಾಂಬೆತ್. ಅಪಾ ಎಂದರೆ ಅವರಲ್ಲಿ ಅಮ್ಮ.

ಕಾಲಿಪಾಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಹಸು ಯಾವುದು, ಕುದುರೆ ಯಾವುದು ಎಂದು ಹೆಜ್ಜೆಯ ಸದ್ದಿನಲ್ಲಿ ತಿಳಿಯುತ್ತಿದ್ದಳು. ಪಕ್ಕದ ಮನೆಯವಳೊಂದಿಗೆ ಹುಲ್ಲಿನ ಜಗಳವಾಗಿ ಮಾತು ಬಿಟ್ಟಿತ್ತು. ಉಳಿದ ಹೆಂಗಸರು ಬೇಸಿಗೆಯ ಹುಲ್ಲುಗಾವಲಿನಿಂದ ಇನ್ನೂ ಕೆಳಗಿಳಿದಿರಲಿಲ್ಲ.

"ಇದೊಂದು ಸಲ ಬುರುಲೇ ನೋಡ್ಲಿ," ಎಂದ ಎಸೆನ್.

"ಹೋಗೋರು ನೋಡಬಾರ್ದು."

"ಇವಳ ಕಣ್ಣು ನನಗೆ ಗೊತ್ತು, ಮಾಂಬೆತ್ ಅಣ್ಣ."

ಮಾಂಬೆತ್ ಮತ್ತೆ ಹಗ್ಗಕ್ಕೆ ಕೈ ಹಾಕಿದ. ಜಪಾರ್ ಏನೋ ಹೇಳಲು ಹೋದವನು ಕೊಳವೆ ತಿಕ್ಕತೊಡಗಿದ. ಅಲ್ಲಿಗೆ ಅದು ತೀರ್ಮಾನವಾದಂತೆ ಆಯಿತು.

ಅವತ್ತಿನಿಂದ ಬುರುಲ್‌ಗೆ ನಿಂತಲ್ಲಿ ನಿಲ್ಲಲಾಗಲಿಲ್ಲ, ಕೂತಲ್ಲಿ ಕೂರಲಾಗಲಿಲ್ಲ. ಮಾಂಸ ಬೇಯಿಸಲು ಇಟ್ಟು ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ಮುಚ್ಚಳ ತೆಗೆದಳು. ದಾರಿಗೆಂದು ಒಣಮೊಸರಿನ ಉಂಡೆ ಕಟ್ಟಿದಳು, ಬಿಚ್ಚಿದಳು, ಇನ್ನಷ್ಟು ಸೇರಿಸಿ ಕಟ್ಟಿದಳು. ಮಗನ ಹಳೆಯ ಲೈಫ್ ಜಾಕೆಟ್ಟಿನ ಪಟ್ಟಿಗಳನ್ನು ಬಿಚ್ಚಿ ತನ್ನ ಅಳತೆಗೆ ಹೊಲಿದುಕೊಂಡಳು. ಯಾರೂ ಇಲ್ಲದಾಗ ಹಿತ್ತಿಲ ಮರದ ದಿಮ್ಮಿಯ ಮೇಲೆ ಮಂಡಿಯೂರಿ ಕೂತು, ಹುಟ್ಟು ಹಿಡಿದು, ಗಾಳಿಯಲ್ಲಿ ಎಳೆದು ನೋಡಿದಳು. ಹಸು ಮೇವು ಬಿಟ್ಟು ಅವಳನ್ನೇ ನೋಡಿತು.

"ನೀನೇನು ನೋಡ್ತೀಯ," ಎಂದು ಅದಕ್ಕೂ ಬೈದಳು.

ತಾಯಿಗೆ ಫೋನ್ ಮಾಡಿ, ಶನಿವಾರ ನೀರಿನ ಮೇಲೆ ಬರುತ್ತೇನೆ ಎಂದಳು.

"ಅಮ್ಮ, ಕೇಳಿಸ್ತಾ?"

"ಕೇಳಿಸ್ತು. ತಲೆಗೆ ಯಾವ ಬಣ್ಣದ್ದು ಕಟ್ಕೋತೀಯ? ದೂರದಿಂದ್ಲೇ ಗುರುತು ಸಿಗಬೇಕು."

"ಹೆಲ್ಮೆಟ್ ಹಾಕ್ತಾರೆ ಕಣಮ್ಮ."

"ಅದರ ಮೇಲೆ ಕಟ್ಕೋ. ಕೆಂಪು ಕಟ್ಕೋ. ನಾನು ಬೆಳಿಗ್ಗೆನೇ ಹೋಗಿ ನಿಂತಿರ್ತೀನಿ."

"ಬೆಳಿಗ್ಗೆ ಯಾಕೆ? ನಾವು ಬರೋದು ಮಧ್ಯಾಹ್ನ."

"ಮನೇಲಿ ಕೂತು ಏನು ಮಾಡ್ಲಿ? ಬೆಳಿಗ್ಗೆನೇ ಹೋಗ್ತೀನಿ."

ಶುಕ್ರವಾರ ಗಾಳಿ ತಿರುಗಿತು. ಸೆಪ್ಟೆಂಬರಿನಲ್ಲಿ ಬರಬಾರದ ಬಿಸಿ ಗಾಳಿ. ಮೇಲಿನ ಶಿಖರಗಳ ಹಿಮ ಕರಗುತ್ತಾ ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. ಬುರುಲ್ ಅದನ್ನು ನೋಡಿದಳು, ನೋಡಿ ಬಟ್ಟೆ ಒಣಗಲು ಒಳ್ಳೆಯದಾಯಿತು ಅಂದುಕೊಂಡಳು. ಆ ದಿನ ಯಾವುದಾದರೊಂದು ನೆವ ಮಾಡಿಕೊಂಡು ಹಿತ್ತಿಲ ಹಿಂದಕ್ಕೆ ಎಷ್ಟು ಸಲ ಹೋದಳೋ. ಪ್ರತಿ ಸಲವೂ ಮುದುಕನ ಬಿಳಿ ಪಟ್ಟೆ ನೀರಿನ ಮೇಲಿತ್ತು. ಸಂಜೆ ಮೊದಲಿಗಿಂತ ಸ್ವಲ್ಪ ಸಣ್ಣದಾಗಿ ಕಂಡಿತು. ಕತ್ತಲಾಗುತ್ತಿದೆ, ಅದಕ್ಕೇ ಎಂದುಕೊಂಡಳು.

ಶನಿವಾರ ಬೆಳಕು ಹರಿಯುವ ಹೊತ್ತಿಗೆ ನಾಲ್ವರೂ ರೊಟ್ಟಿ ಕಚ್ಚಿದರು. ಎಷ್ಟೋ ಜನರ ಹಲ್ಲಿನ ಗುರುತನ್ನು ಕಾದು ಕೂತವಳು ಬುರುಲ್, ತನ್ನ ಹಲ್ಲಿನ ಗುರುತನ್ನು ರೊಟ್ಟಿಯ ಮೇಲೆ ನೋಡಿದ್ದು ಇದೇ ಮೊದಲು. ಅದನ್ನು ಅತ್ತೆಯ ಕೈಗೆ ಕೊಟ್ಟಳು. ಕಾಲಿಪಾ ಅಂಗೈಗಳನ್ನು ತೆರೆದು ಹರಸಿದಳು, ಎಲ್ಲರೂ ಮುಖ ಸವರಿಕೊಂಡರು. ಗಂಡಸರು ತೆಪ್ಪ ಹೊತ್ತು ಮೇಲಿನ ಸೇತುವೆಯ ಕಡೆ ನಡೆದರು. ಅಲ್ಲಿಂದ ಕೂಗಿ ಕೇಳುವುದು, ಇಲ್ಲಿಂದ ಕೂಗಿ ಹೇಳುವುದು ರೂಢಿ.

ಬುರುಲ್ ಹಿತ್ತಿಲು ದಾಟಿ ನದಿಯ ಅಂಚಿಗೆ ಓಡಿದಳು. ನೀರಿನ ಮೇಲೆ ಮಂಜು ಹಾಸಿತ್ತು. ಮುದುಕನ ಬಾಗಿದ ತಲೆ ಕಂಡಿತು. ತಲೆಯ ಕೆಳಗೆ ಬಿಳುಪು ಕಂಡಿತು. ಬಿಳಿ ಇದೆ. ಇದೆ ಇದೆ ಎಂದು ತುಟಿಯಲ್ಲೇ ಅಂದುಕೊಂಡು, ಕೆಂಪು ವಸ್ತ್ರವನ್ನೂ ತಾಯಿಗೆಂದು ಕಟ್ಟಿದ್ದ ಬೆಣ್ಣೆಯನ್ನೂ ತರಲು ಮನೆಗೆ ಹಿಂದಿರುಗಿದಳು.

ಬಾಗಿಲಲ್ಲಿ ಬೂಟು ಕಳಚಿ ಒಳಗೆ ಬಂದಳು. ಒಲೆಯ ಬಳಿ ರೊಟ್ಟಿಗಳನ್ನು ಬಟ್ಟೆಯಲ್ಲಿ ಸುತ್ತುತ್ತಿದ್ದ ಕಾಲಿಪಾಳ ಮುಂದೆ ಹಾದು ಹೋಗುವಾಗ ಮುದುಕಿಯ ಕೈ ಅವಳ ಕಾಲುಚೀಲಕ್ಕೆ ತಗುಲಿತು.

"ಒದ್ದೆ ಕಾಲುಚೀಲದಲ್ಲಿ ಹೊರಡ್ತೀಯಾ? ಬದಲಾಯಿಸ್ಕೊ ಮಗಳೇ. ಶೀತ ಆಗತ್ತೆ."

ಬುರುಲ್ ನಿಂತುಬಿಟ್ಟಳು. ಬಗ್ಗಿ ಮುಟ್ಟಿದಳು. ಮೀನಖಂಡದವರೆಗೆ ತೊಯ್ದಿತ್ತು.

ಅವಳು ಕಲ್ಲು ನೋಡಲು ನಿಲ್ಲುವ ಜಾಗ ಯಾವತ್ತೂ ಒಂದೇ. ಹಳೇ ವಿಲೋ ಮರದ ಬೇರು. ನೀರು ತುಂಬಿದ ಬಿಂದಿಗೆ ಇಳಿಸುವುದೂ ಅದರ ಮೇಲೇ. ಇಷ್ಟು ವರ್ಷಗಳಲ್ಲಿ ಅಲ್ಲಿ ಅವಳ ಕಾಲು ನೆನೆದದ್ದಿಲ್ಲ.

"ಏನಾಯ್ತು?" ಎಂದಳು ಕಾಲಿಪಾ.

"ಏನಿಲ್ಲ ಅಪಾ."

ಕೆಂಪು ವಸ್ತ್ರ ಕೈಗೆತ್ತಿಕೊಂಡು, ಒದ್ದೆ ಕಾಲನ್ನು ಮತ್ತೆ ಬೂಟಿಗೆ ತುರುಕಿ ಹೊರಗೆ ನಡೆದಳು. ಈ ಸಲ ಓಡಲಿಲ್ಲ. ಬೇರು ನೀರಿನ ಕೆಳಗಿತ್ತು. ಮಂಜು ಸ್ವಲ್ಪ ಸರಿದಿತ್ತು. ಮುದುಕನ ತಲೆಯ ಕೆಳಗಿದ್ದ ಬಿಳುಪು ಅಲುಗುತ್ತಿತ್ತು, ಒಡೆಯುತ್ತಿತ್ತು, ಮತ್ತೆ ಕೂಡುತ್ತಿತ್ತು. ಅದು ನೊರೆ. ಪಟ್ಟೆ ಅದಕ್ಕಿಂತ ಒಂದು ಗೇಣು ಕೆಳಗೆ ಮುಳುಗಿತ್ತು.

ನಾಳೆ ನೀರು ಇಳಿಯಬಹುದು. ನಾಳೆ ತೆಪ್ಪ ನಾರಿನ್‌ನವನದು. ಚೋಂಗ್-ಕೆಚೂದಲ್ಲಿ ಅಮ್ಮ ಈಗಾಗಲೇ ದಡಕ್ಕೆ ಹೊರಟಿರುತ್ತಾಳೆ. ಒಂದು ಗೇಣು ತಾನೇ, ಎಸೆನ್‌ನಂಥವನು ಇಂಥದ್ದನ್ನು ದಾಟಲಾರನೇ ಎಂದು ಒಂದು ಮನಸ್ಸು. ಇದೇ ಒಂದು ಗೇಣಿಗೆ ಜಪಾರ್‌ನ ಮನೆಯ ಗೋಡೆಯಲ್ಲಿ ಗಂಟು ತೂಗುತ್ತಿದೆ ಎಂದು ಇನ್ನೊಂದು. ಅವಳು ಕೆಂಪು ವಸ್ತ್ರದ ಅಂಚನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಸುತ್ತಿದಳು.

ಸೇತುವೆಯ ಕಡೆಯಿಂದ ಜಪಾರ್‌ನ ದನಿ ಬಂತು.

"ಜೆಂಗೇ, ಮುದುಕ ಏನಂತಾನೆ?"

ಅವಳು ಬೆರಳಿನ ಸುತ್ತು ಬಿಚ್ಚಿ ಸೇತುವೆಯ ಕಡೆ ತಿರುಗಿದಳು.

"ಕೊರಳು ನೆನೆದಿದೆ."

ಎಸೆನ್ ದಡದ ಗುಂಟ ಬೇಗ ಬೇಗ ನಡೆದು ಬಂದ. ಕಲ್ಲಿನ ಕಡೆ ನೋಡಲಿಲ್ಲ, ಅವಳ ಮುಖ ನೋಡಿದ.

"ಇನ್ನೊಂದು ಸಲ ನೋಡು," ಎಂದ. ಅವಳ ಮಾತನ್ನು ಅವನು ಎರಡನೆಯ ಸಲ ಕೇಳಿದ್ದು ಅದೊಂದೇ ಬಾರಿ.

"ಎರಡು ಸಲ ನೋಡ್ದೆ ಕಣ್ರೀ. ಮೊದಲನೇ ಸಲ ಒಣಗಿದೆ ಅಂತಲೇ ಕಾಣಿಸ್ತು."

ಎಸೆನ್ ಅವಳ ಒದ್ದೆ ಬೂಟು ನೋಡಿದ. ಮತ್ತೇನೂ ಕೇಳದೆ ನಾರಿನ್‌ನವನಿಗೆ ಫೋನ್ ಮಾಡಿದ. ಎರಡು ದಿನ ತಡೆಯಲು ಆಗುತ್ತದಾ ಎಂದ. ಆಗುವುದಿಲ್ಲವಂತೆ. ಬೇರೆ ನದಿಯ ಮೇಲೆ ಅವನ ಜನ ಕಾಯುತ್ತಿದ್ದಾರಂತೆ, ಇವತ್ತೇ ಬೇಕಂತೆ.

ತೆಪ್ಪದ ಗಾಳಿ ಬಿಟ್ಟರು. ಅದು ಬಹಳ ಹೊತ್ತು ಉಸ್ಸೆನ್ನುತ್ತಾ ಚಪ್ಪಟೆಯಾಯಿತು. ಜಪಾರ್ ಕೊಳವೆಗಳನ್ನು ಕಳಚಿದ. ಎಲ್ಲವನ್ನೂ ಮಡಚಿ ಮಾಂಬೆತ್‌ನ ಟ್ರಕ್ಕಿಗೆ ಹಾಕಿದರು. ಕಾಲಿಪಾ ರೊಟ್ಟಿಗಳನ್ನು ಬಟ್ಟೆಯಿಂದ ಬಿಚ್ಚಿ, ಹಲ್ಲಿನ ಗುರುತನ್ನು ಬೆರಳಲ್ಲಿ ತಡಕಿ, ಅವರವರದ್ದನ್ನು ಅವರವರಿಗೆ ಕೊಟ್ಟಳು. ಜಪಾರ್ ತನ್ನದನ್ನು ಗಬಗಬನೆ ತಿಂದು ಮುಗಿಸಿದ, ಎಲ್ಲರಿಗಿಂತ ಮೊದಲು.

ಬುರುಲ್ ತನ್ನ ರೊಟ್ಟಿಯನ್ನು ಟ್ರಕ್ಕಿನಲ್ಲಿ ಗಂಡನ ಪಕ್ಕ ಕೂತು ತಿಂದಳು. ಅಮ್ಮನಿಗೆ ನಾಲ್ಕಾರು ಸಲ ಫೋನ್ ಮಾಡಿದಳು. ಎತ್ತಲಿಲ್ಲ. ಮನೆಯಲ್ಲೇ ಬಿಟ್ಟು ಹೋಗಿರಬೇಕು. ಘಟ್ಟದ ತಿರುವುಗಳಲ್ಲಿ ನದಿ ಆಗಾಗ ಕೆಳಗೆ ಕಾಣುತ್ತಿತ್ತು. ಇಕ್ಕಟ್ಟಿನ ಮೇಲೆ ಹಾದುಹೋಗುವಾಗ ಮಾಂಬೆತ್ ಟ್ರಕ್ ನಿಧಾನ ಮಾಡಿದ. ಕೆಳಗೆ ನೀರು ಗೋಡೆಗೆ ಗುದ್ದಿ ಹಿಂದಕ್ಕೆ ಮಗುಚುತ್ತಿತ್ತು. ಎಸೆನ್ ನೋಯುವ ಭುಜವನ್ನು ಒತ್ತಿಕೊಂಡು ಕೂತಿದ್ದ.

ಚೋಂಗ್-ಕೆಚೂ ತಲುಪುವಾಗ ಬೆಟ್ಟದ ನೆರಳು ನದಿಯ ಅರ್ಧಕ್ಕೆ ಬಂದಿತ್ತು. ತಾಯಿ ದಡದಲ್ಲಿದ್ದಳು. ರಸ್ತೆಗೆ ಬೆನ್ನು ಮಾಡಿ, ಹುಬ್ಬಿನ ಮೇಲೆ ಕೈ ಅಡ್ಡ ಹಿಡಿದು ನೀರನ್ನೇ ನೋಡುತ್ತಿದ್ದಳು. ನೀರಿನ ಸದ್ದಿನಲ್ಲಿ ಟ್ರಕ್ ನಿಂತದ್ದು ಅವಳಿಗೆ ಕೇಳಿಸಲಿಲ್ಲ. ಬುರುಲ್ ಬೆಣ್ಣೆಯ ಪೊಟ್ಟಣ ಹಿಡಿದು ಕಲ್ಲುಗಳ ಮೇಲೆ ಇಳಿದು ಹೋಗಿ ಹಿಂದಿನಿಂದ ಅವಳ ತೋಳು ಮುಟ್ಟಿದಳು.

"ರಸ್ತೇಲಿ ಬಂದ್ಯಾ?" ಎಂದಳು ತಾಯಿ.

"ರಸ್ತೇಲಿ ಬಂದೆ."

ಎಸೆನ್ ತೆಪ್ಪವನ್ನು ನಾರಿನ್‌ನವನಿಗೆ ಒಪ್ಪಿಸಿದ. ಬುರುಲ್‌ಗೆ ಕೊಟ್ಟ ಮಾತು ನಡೆಯಲಿಲ್ಲ.