ಕೆಂಪಿಗೆ ಸುರಿದ ಹನ್ನೆರಡು ಮನೆಯ ಅಕ್ಕಿ

ಅವರೆಕಾಳು ಬೆರಳಿನಿಂದ ಪುಳಕ್ಕನೆ ಜಾರಿ ಮೊರದಾಚೆ ಬೀಳುತ್ತಿದೆ, ಫೋನು ಇನ್ನೂ ಕಿವಿಯಲ್ಲೇ ಇದೆ, ಬೈರಯ್ಯ ಹೇಳಿದ್ದೇನು — ಕೆಂಪಿ ಹೋಗ್ಬಿಡ್ತು ಅಮ್ಮ, ಬೆಳಗಿನ ಜಾವ — ಹೋಗುವುದೆಂದರೇನು, ಮೊನ್ನೆ ಸಂಕ್ರಾಂತಿಯ ದಿನ ನನ್ನ ಕೈ ನೆಕ್ಕಿದ ಹಸು, ಎಂಟು ತಿಂಗಳ ಗಬ್ಬ, ಆ ಒರಟು ನಾಲಗೆ ಇನ್ನೂ ಅಂಗೈ ಮೇಲೇ ಇದ್ದ ಹಾಗಿದೆ, ದೇವರೇ. ಹೊಟ್ಟೆ ಉಬ್ಬಿತ್ತು, ಎದ್ದೇ ಇಲ್ಲ, ಅನ್ನುತ್ತಿದ್ದಾನೆ, ಡಾಕ್ಟ್ರು ಬಂದು ಬೂಸಾನೋ ಹಿಂಡಿನೋ ಜಾಸ್ತಿ ಬಿದ್ದಿದೆ ಅಂದ್ರು. ಎಲ್ಲಿಯ ಜಾಸ್ತಿ, ಹೆಸರಘಟ್ಟದ ಹುಲ್ಲುಗಾವಲಲ್ಲಿ ಮೇಯುವ ದನ, ಪುಷ್ಯದ ಚಳಿಗೆ ಹುಲ್ಲು ಒಣಗಿ ಕಡ್ಡಿಯಾದಾಗ ಸಂಜೆಗೆ ಒಂದಿಷ್ಟು ರಾಗಿಹುಲ್ಲು, ಒಂದು ಹಿಡಿ ಕಡಲೇಕಾಯಿ ಹಿಂಡಿ, ಅಷ್ಟೇ, ಬೈರಯ್ಯನೇ ಹೇಳಿದ್ದ, ನನ್ನ ಅಕ್ಕಿ ಬಕೆಟ್ಟು ನೋಡಿ ನಕ್ಕು — ಒಂದ್ ಬೊಗಸೆ ಸಾಕಮ್ಮ, ಒಣಹುಲ್ಲು ತಿನ್ನೋ ಹೊಟ್ಟೆ, ಅಕ್ಕಿ ತಡ್ಕೊಳಲ್ಲ — ಹೇಳಿ ನೀರು ತರಲು ಹೋದ. ಕೇಳಿದೆನೇ ನಾನು? ಮಲ್ಲೇಶ್ವರಂನಲ್ಲಿ ಮೂವತ್ತು ವರ್ಷ ಪಾಠ ಹೇಳಿದವಳು, ದನ ಕಾಯುವವನು ನನಗೇನು ಹೇಳುವುದು. ಹದಿನೈದನೇ ಕ್ರಾಸಿನ ಭಜನಾ ಮಂಡಳಿ, ಹನ್ನೆರಡು ಮನೆ, ಮನೆಗೊಂದು ಅಚ್ಚೇರು ಅಕ್ಕಿ, ನೆನೆಸಿ ಬೆಲ್ಲ ಕಲಸಿದ್ದು, ಗೋಗ್ರಾಸಕ್ಕೆಂದು ಎತ್ತಿಟ್ಟದ್ದನ್ನು ಮನೆಗೆ ವಾಪಸು ತರುವ ಹಾಗಿಲ್ಲ, ಯಾರ ಪಾಲು ಉಳಿಯಿತು ಅಂತ ಹೇಳಲಿ, ಬೇರೆ ದನವೆಲ್ಲ ದೂರ ಮೇಯುತ್ತಿದ್ದವು, ಕೊಟ್ಟಿಗೆಯ ಹತ್ತಿರ ಕಟ್ಟಿದ್ದು ಇದೊಂದೇ — ಸುರಿದೆ, ಪೂರ್ತಿ ಸುರಿದೆ, ನಾಲಗೆ ಬಕೆಟ್ಟಿನ ತಳ ಕೆರೆಯುವ ಸದ್ದು, ತಿನ್ನು ತಾಯಿ ತಿನ್ನು, ಕೈಮುಗಿದೆ, ಮಂಡಳಿಯ ಗ್ರೂಪಿಗೆ ಫೋಟೋ ಬೇರೆ ಕಳಿಸಿದೆ.

ಕೇಳಿಸ್ತಾ ಅಮ್ಮ, ಬೈರಯ್ಯನ ದನಿ ಏರುತ್ತಿದೆ, ನಮ್ಮೋಳೇ ಹಿಂಡಿ ಸುರ್ದವ್ಳೆ, ಗ್ಯಾನ ಇಲ್ಲ ಹಾಳಾದೋಳ್ಗೆ — ಹಿಂದಿನಿಂದ ಅವನ ಹೆಂಡತಿ ತಿಮ್ಮಕ್ಕನ ಅಳು, ನನ್ ಮಕ್ಳಾಣೆ ಒಂದೇ ಹಿಡಿ ಕಣಯ್ಯ ಹಾಕಿದ್ದು — ಸುಮ್ಮನಿದ್ದರೆ ಮುಗಿಯಿತು, ಯಾರಿಗೂ ತಿಳಿಯುವುದಿಲ್ಲ, ಫೋನಿಟ್ಟು ಅವರೆ ಹಿತುಕುತ್ತಾ ಕೂರಬಹುದು, ಬೈಸಿಕೊಳ್ಳಲಿ ಅವಳು, ಛೀ, ಎಂಥವಳೇ ನೀನು ಸುಂದರಮ್ಮ. ಬೈರಯ್ಯ, ಅವಳನ್ನ ಬೈಬೇಡಪ್ಪ, ನಾನೇ, ಬಕೆಟ್ಟು ಪೂರ್ತಿ ನಾನೇ ಹಾಕಿದ್ದು. ತಿಮ್ಮಕ್ಕನ ಅಳು ನಿಂತಿತು. ಆಮೇಲೆ ಅವನು, ಮೆಲ್ಲಗೆ — ಬಿಡಿ ಅಮ್ಮ, ನೀವು ಒಳ್ಳೇದಕ್ಕೆ ಅಂತ ಹಾಕಿದ್ದು. ಬೈಯಬಾರದಿತ್ತೇ, ಅವಳಿಗೆ ಬೈದ ಹಾಗೆ ನನಗೂ ಒಂದು ಮಾತು ಬೈಯಬಾರದಿತ್ತೇ, ಬಿಡಿ ಅಂತೆ, ಏನನ್ನು ಬಿಡಲಿ, ತಳ ಕಂಡ ಮೇಲೂ ಕೆರೆಯುತ್ತಿತ್ತು, ಇನ್ನೂ ಇದೆಯೇನೋ ಅಂತ, ಆ ನಾಲಗೆ, ಕೆರೆಯುತ್ತಲೇ ಇದೆ, ನಾಲಗೆ —